ರೋಲ್ ಎತ್ತಿದರೆ ಮಿನಿ ಟ್ರ್ಯಾಕ್ಟರ್ ಮೂತಿ ಎತ್ತುತ್ತದೆಯೇ? ಲಿಫ್ಟ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಕಡೆ ಮಿನಿ ಟ್ರ್ಯಾಕ್ಟರನ್ನು ನಾವು ಕೊಂಡದ್ದು ದ್ರಾಕ್ಷಿ ಸಾಲು, ಹಿಪ್ಪುನೇರಳೆ ಸಾಲಿನ ನಡುವೆ ನುಗ್ಗಲಿ ಅಂತ. ಅಗಲ ಕಡಿಮೆ, ತೂಕ ಕಡಿಮೆ, ಕುಡಿಯುವ ಡೀಸೆಲ್ಲೂ ಕಡಿಮೆ. ಈಗ ಹಸು ಜಾಸ್ತಿಯಾಗಿ, ಹುಲ್ಲು ರೋಲ್ ಆಗಿ ಬರಲು ಶುರುವಾದ ಮೇಲೆ ಅದೇ ಗಾಡಿಯ ಹಿಂದೆ ಕಬ್ಬಿಣದ ಈಟಿ ಸಿಕ್ಕಿಸಿ ರೋಲ್ ಎತ್ತಿಸುತ್ತಿದ್ದೇವೆ. ಅಲ್ಲಿಂದ ದೂರುಗಳು ಶುರು. ಲಿಫ್ಟ್, ಅಂದರೆ ಗಾಡಿಯ ಹಿಂದೆ ಆಯಿಲ್ ಒತ್ತಡದಿಂದ ಭಾರ ಎತ್ತುವ ಹೈಡ್ರಾಲಿಕ್ ಏರ್ಪಾಡು, ಏಳುವುದಿಲ್ಲ, ಎದ್ದರೆ ನಿಲ್ಲುವುದಿಲ್ಲ, ನಿಂತರೆ ಮುಂದಿನ ಚಕ್ರ ನೆಲ ಬಿಡುತ್ತದೆ.

ನನ್ನ ಕಥೆಯಿಂದಲೇ ಶುರು ಮಾಡುತ್ತೇನೆ. ಒಂದು ಬೇಸಿಗೆಯಲ್ಲಿ ಭತ್ತದ ಹುಲ್ಲಿನ ರೋಲ್ ಸಾಲದೆ ಮೆಕ್ಕೆಜೋಳದ ಸೈಲೇಜ್, ಅಂದರೆ ಹಸಿ ಮೇವನ್ನು ಗಾಳಿಯಾಡದಂತೆ ಸುತ್ತಿಟ್ಟ ರಸಮೇವು, ತರಿಸಿದೆ. ಪ್ಲಾಸ್ಟಿಕ್ ಸುತ್ತಿದ್ದು ಬಿಟ್ಟರೆ ನೋಡಲಿಕ್ಕೆ ಹುಲ್ಲಿನ ರೋಲಿನಷ್ಟೇ ದಪ್ಪ, ಅಷ್ಟೇ ಎತ್ತರ. ಲಿವರ್ ಎಳೆದೆ. ಸೀಟಿನ ಕೆಳಗಿಂದ ಕೀ ಅಂತ ಒಂದು ಸದ್ದು ಬಂತು, ಇಂಜಿನ್ ಉಸಿರುಗಟ್ಟಿದ ಹಾಗೆ ಆಯಿತು, ರೋಲ್ ಮಾತ್ರ ನೆಲ ಬಿಡಲಿಲ್ಲ. ಮೆಕ್ಯಾನಿಕ್ಕನ್ನು ಕರೆಸಿದೆ. ಬಂದವನು ಲಿವರ್ ಎರಡು ಸಲ ಆಡಿಸಿ, ‘ಸೀಲ್ ಹೋಗೈತೆ ಅಣ್ಣಾ, ಲಿಫ್ಟ್ ಬಿಚ್ಚಬೇಕು’ ಅಂದ. ಬಿಚ್ಚಿಸಿದೆ. ಓ-ರಿಂಗ್ ಹೊಸದು, ಆಯಿಲ್ ಹೊಸದು, ಎರಡು ದಿನದ ಕೂಲಿ. ಗಾಡಿ ಮನೆಗೆ ಬಂತು, ಈಟಿ ಚುಚ್ಚಿದೆ, ಲಿವರ್ ಎಳೆದೆ. ಅದೇ ಕೀ ಸದ್ದು.

ಆಮೇಲೆ ಒಂದು ದಿನ ಟ್ರೈಲರಿನಲ್ಲಿ ಒಂದು ಹುಲ್ಲಿನ ರೋಲ್, ಇನ್ನೊಂದು ಸಲ ಒಂದು ಸೈಲೇಜ್ ರೋಲ್ ಹಾಕಿಕೊಂಡು ವೇ ಬ್ರಿಡ್ಜಿಗೆ ಹೋದೆ. ಹುಲ್ಲಿನದು 190 ಕೆ.ಜಿ., ಸೈಲೇಜಿನದು 610 ಕೆ.ಜಿ. ಕೆಟ್ಟಿದ್ದು ಲಿಫ್ಟ್ ಅಲ್ಲ, ನನ್ನ ಅಂದಾಜು.

ಪಾನಾ ಹಿಡಿಯುವ ಮೊದಲು ತೂಕ

ಉರುಟು ರೋಲಿನ ವಿಷಯದಲ್ಲಿ ಕಣ್ಣನ್ನು ನಂಬಬಾರದು. ಲೆಕ್ಕ ಸುಲಭ. ವ್ಯಾಸವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.785ರಿಂದ ಗುಣಿಸಿ, ಮತ್ತೆ ರೋಲಿನ ಅಗಲದಿಂದ ಗುಣಿಸಿ. 1.2 ಮೀಟರ್ ವ್ಯಾಸ, 1.2 ಮೀಟರ್ ಅಗಲ, ಅಂದರೆ ನಾಲ್ಕಡಿಗೆ ನಾಲ್ಕಡಿ ರೋಲ್ ಆದರೆ ಸುಮಾರು 1.36 ಘನ ಮೀಟರ್ ಬರುತ್ತದೆ. ಒಣ ಭತ್ತದ ಹುಲ್ಲು ಘನ ಮೀಟರಿಗೆ 120ರಿಂದ 150 ಕೆ.ಜಿ. ತೂಗುತ್ತದೆ ಅಂದುಕೊಂಡರೆ ರೋಲ್ 160ರಿಂದ 200 ಕೆ.ಜಿ. ರಸಮೇವು ಹಾಗಲ್ಲ, ಅದರ ಅರ್ಧಕ್ಕಿಂತ ಹೆಚ್ಚು ನೀರೇ. ಘನ ಮೀಟರಿಗೆ 400ರಿಂದ 500 ಹಿಡಿದರೂ 540ರಿಂದ 680 ಕೆ.ಜಿ. ಆಯಿತು. ಬಿಗಿಯಾಗಿ ಸುತ್ತಿದ್ದರೆ ಇನ್ನೂ ಮೇಲೆ.

ವ್ಯಾಸ ನಾಲ್ಕಡಿಯಿಂದ ಐದಡಿಗೆ ಹೋದರೆ ‘ಒಂದಡಿ ತಾನೇ’ ಅನ್ನಬೇಡಿ. ಅಗಲ ಅಷ್ಟೇ ಇದ್ದರೂ ತೂಕ ಒಂದೂವರೆ ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಮಳೆಯಲ್ಲಿ ಎರಡು ದಿನ ಹೊಲದಲ್ಲೇ ಬಿದ್ದಿದ್ದ ಹುಲ್ಲಿನ ರೋಲೂ ಮೊನ್ನೆ ಎತ್ತಿದ ತೂಕದ್ದಲ್ಲ.

ನೂರಿನ್ನೂರು ರೂಪಾಯಿ ಕೊಟ್ಟು ವೇ ಬ್ರಿಡ್ಜಿನಲ್ಲಿ ತೂಗಿಸಿದರೆ ಇನ್ನೂ ಒಳ್ಳೆಯದು. ಹೋದಾಗ ಇನ್ನೊಂದು ಕೆಲಸ ಮಾಡಿಕೊಂಡು ಬನ್ನಿ. ಖಾಲಿ ಟ್ರ್ಯಾಕ್ಟರನ್ನು ಒಮ್ಮೆ ಪೂರ್ತಿ ಹತ್ತಿಸಿ ತೂಗಿಸಿ. ಆಮೇಲೆ ಮುಂದಿನ ಎರಡು ಚಕ್ರ ಮಾತ್ರ ಪ್ಲೇಟಿನ ಮೇಲಿರುವಂತೆ ನಿಲ್ಲಿಸಿ ತೂಗಿಸಿ. ಈ ಎರಡು ಅಂಕಿ ಮನೆಯಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ದೂರು ಒಂದು: ಮೂತಿ ಎತ್ತುತ್ತದೆ

ಇದು ಹೈಡ್ರಾಲಿಕ್ ದೋಷವೇ ಅಲ್ಲ. ಹಾಗೆ ನೋಡಿದರೆ ಲಿಫ್ಟ್ ಚೆನ್ನಾಗಿದೆ ಅನ್ನುವುದಕ್ಕೆ ಇದೇ ಸಾಕ್ಷಿ. ಆದರೂ ಪ್ರಾಣಕ್ಕೆ ಬರುವುದು ಇದೇ ಆದ್ದರಿಂದ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಹಿಂದಿನ ಆಕ್ಸಲ್ ಅನ್ನುವುದು ಏತದ ಕಂಬ ಇದ್ದ ಹಾಗೆ. ಮುಂದೆ ಇಂಜಿನ್ ಒತ್ತುತ್ತದೆ, ಹಿಂದೆ ರೋಲ್ ಒತ್ತುತ್ತದೆ. ರೋಲ್ ಎಷ್ಟು ಭಾರ ಅನ್ನುವುದರಷ್ಟೇ ಮುಖ್ಯ ಅದು ಆಕ್ಸಲಿನಿಂದ ಎಷ್ಟು ದೂರ ಅನ್ನುವುದು. ರೋಟಾವೇಟರ್ ಗಾಡಿಗೆ ಅಂಟಿಕೊಂಡು ಕೂರುತ್ತದೆ. ರೋಲ್ ಹಾಗಲ್ಲ, ಅದರ ತೂಕದ ನಡುಬಿಂದು ಲೋಯರ್ ಲಿಂಕಿನ, ಅಂದರೆ ಭಾರ ಹೊರುವ ಲಿಫ್ಟಿನ ಎರಡು ಕೆಳತೋಳುಗಳ, ತುದಿಯಿಂದ ಇನ್ನೂ ಎರಡಡಿ ಆಚೆ ಇರುತ್ತದೆ.

ನನ್ನ ಗಾಡಿಯ ಲೆಕ್ಕ ಹೀಗೆ. ಒಟ್ಟು ತೂಕ 850 ಕೆ.ಜಿ., ಅದರಲ್ಲಿ ಮುಂದಿನ ಚಕ್ರದ ಮೇಲೆ 340. ಮುಂದಿನ ಆಕ್ಸಲಿನಿಂದ ಹಿಂದಿನ ಆಕ್ಸಲಿಗೆ 1.5 ಮೀಟರ್. ಹಿಂದಿನ ಆಕ್ಸಲಿನಿಂದ ರೋಲಿನ ನಡುವಿಗೆ ಟೇಪ್ ಹಿಡಿದರೆ 1.35 ಮೀಟರ್. 190 ಕೆ.ಜಿ.ಯ ಹುಲ್ಲಿನ ರೋಲ್ ಎತ್ತಿದರೆ ಮುಂದಿನಿಂದ ಕಳೆಯುವ ಭಾರ 190ನ್ನು 1.35ರಿಂದ ಗುಣಿಸಿ 1.5ರಿಂದ ಭಾಗಿಸಿದಷ್ಟು, ಅಂದರೆ 171. ಮುಂದೆ ಉಳಿಯುವುದು 169. ಸ್ಟೀರಿಂಗ್ ಮಾತು ಕೇಳಬೇಕಾದರೆ ಗಾಡಿಯ ಒಟ್ಟು ತೂಕದ ಐದನೇ ಒಂದು ಭಾಗವಾದರೂ ಮುಂದಿನ ಚಕ್ರದ ಮೇಲಿರಬೇಕು. ನನ್ನ ಗಾಡಿಗೆ ಅದು 170. ಈಟಿಯ ಫ್ರೇಮಿನ ತೂಕವನ್ನು ಸೇರಿಸಿಯೇ ಇಲ್ಲ. ಅಂದರೆ ಇಷ್ಟು ದಿನ ‘ಹುಲ್ಲಿನ ರೋಲ್ ಆರಾಮಾಗಿ ಎತ್ತುತ್ತೆ’ ಅಂತ ಮೀಸೆ ತಿರುವುತ್ತಿದ್ದವನು ಗೆರೆಯ ಆಚೆಗೇ ಓಡಾಡುತ್ತಿದ್ದೆ.

ಅದೇ ಲೆಕ್ಕಕ್ಕೆ 610 ಹಾಕಿ ನೋಡಿ. ಕಳೆಯುವುದು 549. ಇರುವುದೇ 340. ಅವತ್ತು ಲಿಫ್ಟಿಗೆ ಶಕ್ತಿ ಸಾಲದೆ ಹೋದದ್ದು ನನ್ನ ಪುಣ್ಯ.

ಪರಿಹಾರ: ಹುಲ್ಲಿನ ರೋಲಿಗಾದರೆ ಮುಂದೆ ತೂಕದ ಪ್ಲೇಟ್ ಹಾಕಿಸಿ. 20 ಕೆ.ಜಿ.ಯ ಐದು ಪ್ಲೇಟ್ ಮುಂದಿನ ಆಕ್ಸಲಿನಿಂದ ಎರಡಡಿ ಮುಂದಕ್ಕೆ ನೇತಾಡಿದರೆ ಚಕ್ರದ ಮೇಲೆ 100 ಅಲ್ಲ, 140 ಕೆ.ಜಿ. ಬೀಳುತ್ತದೆ. ದೂರದ ಆಟ ಇಲ್ಲಿ ನಮ್ಮ ಕಡೆಗಿದೆ. ಸೈಲೇಜ್ ರೋಲಿಗೆ ಮಾತ್ರ ಮಿನಿಯಲ್ಲಿ ಪರಿಹಾರವೇ ಇಲ್ಲ. ಮುಂದೆ 270 ಕೆ.ಜಿ. ಕಟ್ಟಬೇಕಾಗುತ್ತದೆ. ಅಷ್ಟು ಹೊತ್ತಿಗೆ ಹಿಂದಿನ ಟೈರು, ಆಕ್ಸಲ್, ಬ್ರೇಕ್ ಎಲ್ಲವೂ ತಮ್ಮ ಮಿತಿ ಮೀರಿರುತ್ತವೆ. 45 ಎಚ್‌ಪಿಯ ದೊಡ್ಡ ಗಾಡಿಗೂ ಇದು ಹುಡುಗಾಟವಲ್ಲ. 2000 ಕೆ.ಜಿ. ತೂಗುವ, ಎರಡು ಮೀಟರ್ ಆಕ್ಸಲ್ ಅಂತರದ ಗಾಡಿಯ ಮೇಲೆ ಇದೇ ಲೆಕ್ಕ ಓಡಿಸಿದರೆ ಅದಕ್ಕೂ ಮುಂದೆ ಪ್ಲೇಟ್ ಬೇಕಾಗುತ್ತದೆ.

ನಮ್ಮಲ್ಲಿ ಇನ್ನೊಂದು ಪರಿಹಾರ ಚಾಲ್ತಿಯಲ್ಲಿದೆ. ‘ಲೋ, ಇಬ್ಬರು ಬಂದು ಬಾನೆಟ್ ಮೇಲೆ ಕೂತ್ಕಳ್ರೋ!’ ನಾನೂ ಕೂರಿಸಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಗಾಡಿ ಕುಲುಕಿದರೆ ಅವರು ಬೀಳುವುದು ಮುಂದಿನ ಚಕ್ರದ ಕೆಳಗೆ. ಮರಳಿನ ಚೀಲ ಹಗ್ಗದಲ್ಲಿ ಕಟ್ಟುವುದೂ ಅಷ್ಟೇ, ಹಳ್ಳಕ್ಕೆ ಇಳಿದ ಕೂಡಲೇ ಚೀಲ ಒಂದು ಕಡೆ ಜಾರುತ್ತದೆ.

ಮೂತಿ ಏಳುತ್ತಿದೆ ಅಂತ ಗೊತ್ತಾದ ಕ್ಷಣ ಕ್ಲಚ್ ಒತ್ತಿ, ಲಿವರ್ ಕೆಳಗೆ ಬಿಡಿ. ಆಕ್ಸಿಲರೇಟರ್ ಕೊಟ್ಟು ದಾಟಿಸಿಬಿಡೋಣ ಅನ್ನುವ ಯೋಚನೆ ಬೇಡ. ಹಿಂದಕ್ಕೆ ಮಗುಚುವ ಗಾಡಿ ಒಂದು ಸೆಕೆಂಡ್ ಮುಗಿಯುವ ಮೊದಲೇ ಕೈ ಮೀರಿರುತ್ತದೆ. ನಮ್ಮ ಮಿನಿಗಳಲ್ಲಿ ಮುಕ್ಕಾಲುಪಾಲಿಗೆ ತಲೆಯ ಮೇಲೆ ರಕ್ಷಣೆಯ ಚೌಕಟ್ಟೂ ಇರುವುದಿಲ್ಲ.

ರೋಲನ್ನು ಎಷ್ಟು ಎತ್ತರಕ್ಕೆ ಎತ್ತಬೇಕು ಅಂದರೆ, ದಾರಿಯ ಕಲ್ಲಿಗೆ ತಾಗದಷ್ಟು. ಒಂದಡಿ ಸಾಕು. ದಿನ್ನೆ ಹತ್ತುವಾಗ ರೋಲ್ ಯಾವಾಗಲೂ ಎತ್ತರದ ಕಡೆಗಿರಲಿ. ಹಿಂದೆ ರೋಲ್ ಇದೆ ಅಂದಮೇಲೆ ರಿವರ್ಸಿನಲ್ಲಿ ಹತ್ತಿ, ಇಳಿಯುವಾಗ ಮುಂದಕ್ಕೆ ಇಳಿಯಿರಿ. ಇಳಿಯುವಾಗ ಲೋ ಗೇರ್, ಕ್ಲಚ್ ಮೇಲೆ ಕಾಲಿಡಬೇಡಿ. ಎಡ ಬಲ ಬ್ರೇಕ್ ಪೆಡಲ್‌ಗಳನ್ನು ಕೊಂಡಿ ಹಾಕಿ ಜೋಡಿಸಿಕೊಳ್ಳಿ. ಉಳುಮೆ ಮುಗಿಸಿ ಬಂದ ಗಾಡಿಯಲ್ಲಿ ಈ ಕೊಂಡಿ ಬಿಚ್ಚೇ ಇರುತ್ತದೆ, ಯಾರಿಗೂ ನೆನಪಿರುವುದಿಲ್ಲ.

ದೂರು ಎರಡು: ಏಳುವುದೇ ಇಲ್ಲ

ಮೊದಲು ರೋಲ್ ಬಿಚ್ಚಿ ನಿಮ್ಮ ರೋಟಾವೇಟರ್ ಸಿಕ್ಕಿಸಿ ಎತ್ತಿ ನೋಡಿ. ಅದು ಸಲೀಸಾಗಿ ಎದ್ದು, ರೋಲ್ ಮಾತ್ರ ಏಳುವುದಿಲ್ಲ ಅಂದರೆ ಲಿಫ್ಟಿಗೆ ಏನೂ ಆಗಿಲ್ಲ. ಆ ಕೀ ಅನ್ನುವ ಸದ್ದು ರಿಲೀಫ್ ವಾಲ್ವಿನದು. ಭಾರ ಮಿತಿ ಮೀರಿದಾಗ ಆಯಿಲನ್ನು ಹಿಂದಕ್ಕೆ ಬಿಟ್ಟು ಪಂಪನ್ನು ಉಳಿಸುವುದೇ ಅದರ ಕೆಲಸ. ‘ವಾಲ್ವ್ ಒಂದು ಸುತ್ತು ಟೈಟ್ ಮಾಡಿಬಿಡೋಣ’ ಅನ್ನುವವರ ಕೈಗೆ ಗಾಡಿ ಕೊಡಬೇಡಿ.

ಪುಸ್ತಕದಲ್ಲಿ 750 ಕೆ.ಜಿ. ಅಂತ ಬರೆದಿದೆಯಲ್ಲ ಅಂತ ನಾನೂ ವಾದ ಮಾಡಿದ್ದೆ. ಆ ಅಂಕಿ ಸಾಮಾನ್ಯವಾಗಿ ಲೋಯರ್ ಲಿಂಕಿನ ತುದಿಯಲ್ಲೇ ಭಾರ ನೇತು ಹಾಕಿ ಅಳೆದದ್ದು. ಅಲ್ಲಿಂದ ಎರಡಡಿ ಹಿಂದಕ್ಕೆ ಹೋದರೆ ಆ ಶಕ್ತಿ ಉಳಿಯುವುದಿಲ್ಲ. ಈಟಿಯ ಫ್ರೇಮ್ ಮಾಡಿಸುವಾಗ ವೆಲ್ಡರ್ ಅಂಗಡಿಯಲ್ಲಿ ಇದನ್ನೇ ಹೇಳಿ. ಫ್ರೇಮ್ ಲಿಂಕಿಗೆ ಎಷ್ಟು ಅಂಟಿಕೊಂಡಿದ್ದರೆ ಅಷ್ಟು ಲಾಭ. ಅಂದಕ್ಕೆ ಅಂತ ಅರ್ಧ ಅಡಿ ಹಿಂದಕ್ಕೆ ಬಿಟ್ಟ ಫ್ರೇಮುಗಳನ್ನು ನೋಡಿದ್ದೇನೆ.

ರೋಟಾವೇಟರೂ ಏಳುವುದಿಲ್ಲ ಅಂದರೆ ಆಗ ಗಾಡಿಯ ಕಡೆ ತಿರುಗಿ. ಸಮ ನೆಲದಲ್ಲಿ, ಲಿಫ್ಟ್ ಪೂರ್ತಿ ಇಳಿಸಿ, ಇಂಜಿನ್ ನಿಲ್ಲಿಸಿ ಆಯಿಲ್ ಕಡ್ಡಿ ನೋಡಿ. ಹೆಚ್ಚಿನ ಗಾಡಿಗಳಲ್ಲಿ ಗೇರ್ ಬಾಕ್ಸಿಗೂ ಲಿಫ್ಟಿಗೂ ಒಂದೇ ಆಯಿಲ್. ಹೈಡ್ರಾಲಿಕ್ ಟ್ರೈಲರ್ ಓಡಿಸುವವರು ಇಲ್ಲೊಂದು ತಪ್ಪು ಮಾಡುತ್ತಾರೆ. ಟ್ರೈಲರ್ ಎತ್ತಿದ ಸ್ಥಿತಿಯಲ್ಲೇ ಪೈಪ್ ಬಿಚ್ಚಿದರೆ ಅದರ ಸಿಲಿಂಡರಿನಲ್ಲಿರುವ ಆಯಿಲ್ ಅಲ್ಲೇ ಉಳಿಯಿತು, ಗಾಡಿಗೆ ಅಷ್ಟು ಕಡಿಮೆಯಾಯಿತು. ಕಡ್ಡಿಗೆ ಅಂಟಿದ ಆಯಿಲ್ ಮಜ್ಜಿಗೆ ಬಣ್ಣಕ್ಕಿದ್ದರೆ ನೀರು ಸೇರಿದೆ, ಪೂರ್ತಿ ಬದಲಾಯಿಸಬೇಕು. ನೊರೆ ನೊರೆ ಇದ್ದರೆ ಪಂಪ್ ಎಳೆಯುವ ಕಡೆ ಎಲ್ಲೋ ಗಾಳಿ ಹೀರುತ್ತಿದೆ ಅಥವಾ ಆಯಿಲ್ ಕಡಿಮೆ ಇದೆ.

ಹೊತ್ತು ಯಾವುದು ಅನ್ನುವುದನ್ನೂ ಗಮನಿಸಿ. ಚಳಿಗಾಲದ ಬೆಳಗ್ಗೆ ನಿಧಾನ, ಬಿಸಿಯಾದ ಮೇಲೆ ಸರಿ ಅಂದರೆ ಆಯಿಲ್ ಸೋಸುವ ಜಾಲರಿ ಕಟ್ಟಿರಬಹುದು, ಇಲ್ಲವೇ ಆಯಿಲ್ ಗಾಡಿಗೆ ಹೊಂದದಷ್ಟು ಮಂದ. ಬೆಳಗ್ಗೆ ಚುರುಕು, ಎರಡು ಗಂಟೆ ದುಡಿದ ಮೇಲೆ ಸೋಲುತ್ತದೆ ಅಂದರೆ ಪಂಪ್ ಸವೆದಿದೆ, ಇಲ್ಲ ಒಳಗೆ ಸೋರುತ್ತಿದೆ. ಬಿಸಿ ಆಯಿಲ್ ತೆಳ್ಳಗಾಗಿ ಸಂದಿಯಲ್ಲಿ ನುಸುಳುತ್ತದೆ. ಮೆಕ್ಯಾನಿಕ್ಕಿಗೆ ಇದೊಂದು ಮಾತು ಸರಿಯಾಗಿ ಹೇಳಿದರೆ ಅವನು ತಪ್ಪು ಕಡೆ ಬಿಚ್ಚುವುದು ತಪ್ಪುತ್ತದೆ.

ದೂರು ಮೂರು: ತೂಕಡಿಸುತ್ತದೆ

ಎತ್ತಿ ನಿಲ್ಲಿಸಿದ ರೋಲ್ ಮಧ್ಯಾಹ್ನ ಊಟ ಮಾಡಿ ಕೂತ ಮುದುಕನ ತಲೆಯಂತೆ ಸ್ವಲ್ಪ ಇಳಿಯುತ್ತದೆ, ತಟ್ಟನೆ ಎದ್ದುಕೊಳ್ಳುತ್ತದೆ, ಮತ್ತೆ ಇಳಿಯುತ್ತದೆ. ಸೀಟಿನ ಪಕ್ಕ ಎರಡು ಲಿವರ್ ಇರುತ್ತವೆ, ಒಂದು ಪೊಸಿಷನ್, ಇನ್ನೊಂದು ಡ್ರಾಫ್ಟ್. ಪೊಸಿಷನ್ ಇರುವುದು ಲಿಫ್ಟನ್ನು ಬೇಕಾದ ಎತ್ತರಕ್ಕೆ ಎತ್ತಿ ಅಲ್ಲೇ ನಿಲ್ಲಿಸಲು. ಡ್ರಾಫ್ಟ್ ಇರುವುದು ಉಳುಮೆಗೆ. ನೆಲ ಬಿಗಿಯಾದಾಗ ನೇಗಿಲನ್ನು ತಾನೇ ಸ್ವಲ್ಪ ಎತ್ತಿ, ಸಡಿಲವಾದಾಗ ಇಳಿಸುವ ಏರ್ಪಾಡು. ರೋಲ್ ಸಾಗಿಸುವಾಗ ಅದು ನಡುವೆ ಬಾಯಿ ಹಾಕಬಾರದು. ಪೊಸಿಷನ್ ಲಿವರಿನಿಂದಲೇ ಎತ್ತಿ ಇಳಿಸಿ. ಡ್ರಾಫ್ಟ್ ಲಿವರನ್ನು ಯಾವ ತುದಿಗೆ ಇಡಬೇಕು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಗಾಡಿಯ ಪುಸ್ತಕದಲ್ಲಿ ಚಿತ್ರ ಸಮೇತ ಇರುತ್ತದೆ. ಪಕ್ಕದ ತೋಟದವರನ್ನು ಕೇಳಿ ಇಡಬೇಡಿ, ಅವರದು ಬೇರೆ ಗಾಡಿ.

ಲಿವರ್ ಸರಿ ಇಟ್ಟ ಮೇಲೂ ತೂಕಡಿಕೆ ನಿಲ್ಲದಿದ್ದರೆ ಒಳಗಿನ ಸೋರಿಕೆ ಪರೀಕ್ಷಿಸಬೇಕು. ಹುಲ್ಲಿನ ರೋಲನ್ನು ಒಂದಡಿ ಎತ್ತಿ, ಅದು ಬಿದ್ದರೂ ನಾಲ್ಕು ಬೆರಳು ಮಾತ್ರ ಬೀಳುವಂತೆ ಕೆಳಗೆ ಮರದ ದಿಮ್ಮಿ ತಳ್ಳಿ. ದಿಮ್ಮಿಯನ್ನು ಉದ್ದನೆಯ ಕೋಲಿನಿಂದ ತಳ್ಳಿ, ಕೈ ಹಾಕಿ ಅಲ್ಲ. ಹ್ಯಾಂಡ್ ಬ್ರೇಕ್ ಹಾಕಿ ಇಂಜಿನ್ ನಿಲ್ಲಿಸಿ. ಪಕ್ಕದಲ್ಲಿ ಒಂದು ಗಳ ನಿಲ್ಲಿಸಿ, ರೋಲಿನ ಅಂಚಿನ ನೇರಕ್ಕೆ ಸುಣ್ಣದ ಗುರುತು ಹಾಕಿ ಟೀ ಕುಡಿದು ಬನ್ನಿ. ಒಂದು ಬೆರಳಿನಷ್ಟು ಇಳಿದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ದಿಮ್ಮಿಯ ಮೇಲೆ ಕೂತಿದ್ದರೆ ಪಿಸ್ಟನ್ನಿನ ಓ-ರಿಂಗೋ ವಾಲ್ವೋ ಹೋಗಿದೆ. ಈಗ ಬಿಚ್ಚಿಸಿ, ಈ ಸಲ ದುಡ್ಡು ದಂಡವಾಗುವುದಿಲ್ಲ.

ಹೊರಗಡೆ ಪೈಪು, ನಟ್ಟು ಒದ್ದೆಯಾಗಿದ್ದರೆ ಎಲ್ಲಿ ಸೋರುತ್ತಿದೆ ಅಂತ ಬೆರಳಾಡಿಸಿ ಹುಡುಕಬೇಡಿ. ಲಿಫ್ಟ್ ಭಾರ ಹೊತ್ತಾಗ ಒಳಗೆ ನೂರೈವತ್ತು ಬಾರ್ ಆಸುಪಾಸಿನ ಒತ್ತಡವಿರುತ್ತದೆ. ಸೂಜಿ ರಂಧ್ರದಿಂದ ಹೊರಟ ಆಯಿಲ್ ಚರ್ಮದೊಳಕ್ಕೇ ಹೋಗುತ್ತದೆ. ಮೇಲೆ ನೋಡಿದರೆ ಮುಳ್ಳು ಚುಚ್ಚಿದಷ್ಟು ಗಾಯ, ನೋವೂ ಅಷ್ಟಕ್ಕಷ್ಟೇ, ಆದರೆ ಒಳಗೆ ಮಾಂಸ ಕೊಳೆಯುತ್ತದೆ. ಹಾಗಾದರೆ ಅರಿಶಿನ ಹಚ್ಚಿ ಮಲಗಬಾರದು, ಅದೇ ಗಂಟೆಯಲ್ಲಿ ಆಪರೇಷನ್ ಮಾಡುವ ದೊಡ್ಡ ಆಸ್ಪತ್ರೆಗೆ ಹೋಗಿ ‘ಹೈಡ್ರಾಲಿಕ್ ಆಯಿಲ್ ಒಳಗೆ ಹೋಗಿದೆ’ ಅಂತಲೇ ಹೇಳಬೇಕು. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಿರಿ.

ಸಣ್ಣ ಪುಟ್ಟ ದೂರುಗಳು

ಇಳಿಸುವಾಗ ದೊಪ್ಪನೆ ಬೀಳುತ್ತದೆ: ಸೀಟಿನ ಕೆಳಗೆ ಇಳಿಯುವ ವೇಗದ ತಿರುಪು ಇರುತ್ತದೆ, ನಿಧಾನದ ಕಡೆಗೆ ತಿರುಗಿಸಿ. ಅಷ್ಟೇ.

ರೋಲ್ ಎಡಕ್ಕೂ ಬಲಕ್ಕೂ ತೂಗಾಡುತ್ತದೆ: ಲೋಯರ್ ಲಿಂಕಿನ ಚೈನ್ ಸಡಿಲ.

ಈಟಿಯ ಮೇಲೆ ರೋಲ್ ಗಿರಕಿ ಹೊಡೆಯುತ್ತದೆ: ಒಂದೇ ಈಟಿ ಇದ್ದರೆ ಹೀಗಾಗುತ್ತದೆ. ಉದ್ದನೆಯದು ನಡುವಿಗೆ, ಅದರ ಎರಡು ಪಕ್ಕಕ್ಕೆ ಗೇಣುದ್ದದ ಎರಡು ಮೊನೆ ಇರಬೇಕು. ರೋಲಿನ ಚಪ್ಪಟೆ ಮುಖದ ನಟ್ಟನಡುವೆ, ಫ್ರೇಮ್ ತಾಗುವವರೆಗೆ ಚುಚ್ಚಬೇಕು. ಅರ್ಧ ಚುಚ್ಚಿ ಎತ್ತಿದರೆ ಜಾರುವುದಷ್ಟೇ ಅಲ್ಲ, ಭಾರವೂ ಅಷ್ಟು ದೂರ ಹೋಯಿತು, ಮತ್ತೆ ಮೂತಿಯ ಲೆಕ್ಕ ಕೆಡುತ್ತದೆ.

ಮುಂದೆ ಲೋಡರ್ ಇರುವವರಿಗೆ ಇಡೀ ಲೆಕ್ಕ ತಿರುವುಮುರುವು, ತೂಕ ಹಿಂದೆ ಕಟ್ಟಬೇಕು. ಅದರಲ್ಲೂ ರೋಲನ್ನು ತಲೆಗಿಂತ ಮೇಲೆ ಎತ್ತಿದರೆ ಅದು ಲೋಡರಿನ ಎರಡು ಕೈಗಳ ಮೇಲೆ ಉರುಳಿಕೊಂಡು ನೇರ ಸೀಟಿಗೇ ಬರಬಹುದು. ಬಕೆಟಿನಲ್ಲಿ ರೋಲ್ ಎತ್ತುವುದು ಬೇಡವೇ ಬೇಡ.

ಇಳಿಸಿದ ಮೇಲೆ

ನಮ್ಮ ಕಡೆಯ ನೆಲ ಬಂಡೆಯ ಇಳಿಜಾರು. ಕಣದಲ್ಲಿ ಸಮ ಅಂತ ಕಾಣುವ ಜಾಗವೂ ಸಮ ಇರುವುದಿಲ್ಲ. ಒಮ್ಮೆ ಹುಲ್ಲಿನ ರೋಲ್ ಇಳಿಸಿ ಈಟಿ ಹೊರಗೆಳೆದ ಮೇಲೆ ಅದು ಒಂದು ನಿಮಿಷ ಸುಮ್ಮನಿತ್ತು. ಆಮೇಲೆ ಯಾರೋ ತಳ್ಳಿದ ಹಾಗೆ ಮೆಲ್ಲಗೆ ಹೊರಟಿತು. ಕೊಟ್ಟಿಗೆಯ ಕಲ್ಲಿನ ಕಂಬಕ್ಕೆ ಬಡಿದು ನಿಂತಾಗ ಕಂಬ ಬುಡದಲ್ಲಿ ಅಲ್ಲಾಡಿತ್ತು, ಅತ್ತ ಕಡೆ ಕರು ಕಟ್ಟಿತ್ತು. ಅಂದಿನಿಂದ ಈಟಿ ಎಳೆಯುವ ಮೊದಲೇ ಎರಡು ಪಕ್ಕಕ್ಕೂ ಸೈಜುಗಲ್ಲು ಕೊಡುತ್ತೇನೆ. ರೋಲಿನ ಉರುಟು ಇಳಿಜಾರಿನ ಕಡೆ ನೋಡಬಾರದು, ಚಪ್ಪಟೆ ಮುಖ ನೋಡಬೇಕು. ಹೊರಟ ರೋಲಿಗೆ ಅಡ್ಡ ನಿಲ್ಲುವ ಧೈರ್ಯ ಯಾರೂ ತೋರಿಸಬಾರದು. ಕೂಗಿ ಪಕ್ಕಕ್ಕೆ ಸರಿಯಿರಿ, ಹೋದರೆ ಹುಲ್ಲು ಹೋಗಲಿ.

ಖಾಲಿ ಈಟಿಯೊಂದಿಗೆ ಊರೊಳಗೆ ಬರುವುದಿದ್ದರೆ ಈಟಿ ಕಳಚಿ ಬನ್ನಿ. ಎದೆಯೆತ್ತರಕ್ಕೆ ಹಿಂದಕ್ಕೆ ಚಾಚಿದ ಮೂರಡಿ ಕಬ್ಬಿಣ ಹಿಂದಿನಿಂದ ಬರುವ ಬೈಕಿನವನಿಗೆ ಸಂಜೆ ಹೊತ್ತು ಕಾಣುವುದೇ ಇಲ್ಲ.

ಸೈಲೇಜಿನ ವಿಷಯ ಏನು ಮಾಡಿದೆ ಅಂದರೆ, ದೊಡ್ಡ ರೋಲ್ ತರಿಸುವುದನ್ನೇ ಬಿಟ್ಟೆ. 60ರಿಂದ 90 ಕೆ.ಜಿ.ಯ ಸಣ್ಣ ರೋಲ್ ಸಿಗುತ್ತದೆ, ಕೆ.ಜಿ. ಲೆಕ್ಕಕ್ಕೆ ಸ್ವಲ್ಪ ಜಾಸ್ತಿ ಬೀಳುತ್ತದೆ, ಬೀಳಲಿ. ಇಬ್ಬರು ಉರುಳಿಸಿ ಟ್ರೈಲರಿಗೆ ಹಲಗೆ ಕೊಟ್ಟು ಹತ್ತಿಸುತ್ತೇವೆ. ದೊಡ್ಡದೇ ಬೇಕು ಅನ್ನುವವರು ಲಾರಿ ಬರುವ ದಿನವೇ ಜೆಸಿಬಿ ಹೇಳಿ, ಮೇವು ಹಾಕುವ ಜಾಗದಲ್ಲೇ ಸಾಲಾಗಿ ಇಳಿಸಿಕೊಳ್ಳಿ. ಬಕೆಟಿನೊಳಗೆ ಬೇಡ, ಅಗಲ ಬೆಲ್ಟ್ ಹಾಕಿ ಬಕೆಟಿನ ಕೊಕ್ಕೆಗೆ ನೇತು ಹಾಕಿಸಿ. ಇಳಿಯುವವರೆಗೆ ಯಾರೂ ಕೆಳಗೆ ನಿಲ್ಲಬಾರದು.

ದೊಡ್ಡದಾಗಲಿ ಸಣ್ಣದಾಗಲಿ, ಪ್ಲಾಸ್ಟಿಕ್ ಸುತ್ತಿದ್ದಕ್ಕೆ ಈಟಿ ಚುಚ್ಚಬೇಡಿ. ತೂತಿನಿಂದ ಒಳಗೆ ಗಾಳಿ ಹೋದರೆ ಸುತ್ತಲಿನ ಮೇವಿಗೆ ಬಿಳಿ ಬೂಸ್ಟು ಹತ್ತುತ್ತದೆ, ಹಸು ಮೂಸಿ ಹಿಂದಕ್ಕೆ ಸರಿಯುತ್ತದೆ. ಅಕಸ್ಮಾತ್ ತೂತಾದರೆ ಅದೇ ದಿನ ಸೈಲೇಜ್ ಟೇಪ್ ಹಚ್ಚಿ. ಹಚ್ಚುವ ಮೊದಲು ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಬೆಳಗಿನ ಇಬ್ಬನಿಯ ಮೇಲೆ ಹಚ್ಚಿದ ಟೇಪ್ ಸಂಜೆ ಹಾಲು ಕರೆಯುವ ಹೊತ್ತಿಗೆ ಬಿಟ್ಟುಕೊಂಡಿರುತ್ತದೆ.